ಭೇದಿಗೆ ಅಂತ ತಗೊಂಡ ಮಾತ್ರೆ

ಭೇದಿ ಅಂದ ಕೂಡ್ಲೆ ಮೂಗು ಮುಚ್ಕೋಬೇಡಿ. ನಿಮಗೂ ಆಗಿರುತ್ತೆ, ನಿಮ್ಮ ಸಾಹೇಬರಿಗೂ ಆಗಿರುತ್ತೆ, ಸಾಹೇಬರು ಹೇಳ್ಕೊಂಡಿರಲ್ಲ ಅಷ್ಟೆ. ಈ ಕಥೇಲಿ ಭೇದಿ ಆದದ್ದು ಅತ್ತೆಗೆ. ಭೇದಿಗೆ ಲೆಕ್ಕ ಇಡೋ ಕೆಲಸ ಸೊಸೇದು.

ಸೊಸೆ ಒಂದು ದೊಡ್ಡ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದಾಳೆ. ರೋಗಿ ಮನೆಗೆ ಹೋದ ಮೇಲೆ ಅವರ ಫೈಲ್ ಅವಳ ಮೇಜಿಗೆ ಬರುತ್ತೆ. ಡಾಕ್ಟರು ಕೋಳಿ ಕೆದಕಿದ ಹಾಗೆ ಬರೆದಿದ್ದನ್ನೆಲ್ಲ ಕೂತು ಓದಿ, ಆ ಕಾಯಿಲೆಗೆ ಒಂದು ಕೋಡ್ ಹಾಕಬೇಕು. ಮೊದಲು ಒಂದು ಅಕ್ಷರ, ಆಮೇಲೆ ಅಂಕಿ, ನಡುವೆ ಒಂದು ಚುಕ್ಕಿ. ಪ್ರಪಂಚದಲ್ಲಿ ಇರೋ ಅಷ್ಟೂ ಕಾಯಿಲೆಗೆ ಒಂದೊಂದು ನಂಬರಿದೆ. ಭೇದಿ ಒಂದಕ್ಕೇ ಎಷ್ಟಿದೆ ಗೊತ್ತಾ? ಸೋಂಕಿನ ಭೇದಿಗೆ ಒಂದು, ಔಷಧಿಯಿಂದ ಆದದ್ದಕ್ಕೆ ಇನ್ನೊಂದು, ಕರುಳಿನ ಸ್ವಭಾವವೇ ಹಾಗೆ ಅನ್ನೋದಕ್ಕೆ ಮತ್ತೊಂದು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ ಅನ್ನೋ ಭೇದಿಗೂ ಒಂದು ನಂಬರು ಇಟ್ಟಿದಾರೆ ಪುಣ್ಯಾತ್ಮರು.

ಡಾಕ್ಟರು ಬರೀ "ಲೂಸ್ ಮೋಷನ್" ಅಂತ ಗೀಚಿ ಕೈ ತೊಳ್ಕೊಂಡ್ರೆ ಇವಳು ಬಿಡೋ ಪೈಕಿ ಅಲ್ಲ. ಒಂದು ಹಳದಿ ಚೀಟಿ ತಗೊಂಡು, "ಕಾರಣ ದಯವಿಟ್ಟು ಬರೆಯಿರಿ" ಅಂತ ಫೈಲಿಗೆ ಅಂಟಿಸಿ ವಾಪಸ್ ಕಳಿಸ್ತಾಳೆ. ಒಬ್ಬ ಸರ್ಜನ್ ಸಿಟ್ಟು ಬಂದು "ಕಾರಣ: ಹೊಟ್ಟೆ" ಅಂತ ಬರೆದಿದ್ದ. ಇವಳು ಎರಡನೇ ಚೀಟಿ ಕಳಿಸಿದ್ಲು: "ಎಲ್ಲಿಂದ ಅಂತ ಕೇಳಿಲ್ಲ ಸಾರ್, ಯಾಕೆ ಅಂತ ಕೇಳಿದ್ದೆ." ಆವತ್ತಿನಿಂದ ಇಡೀ ಆಸ್ಪತ್ರೆಗೆ ಇವಳು ಚೀಟಿಯಕ್ಕ.

ಚೀಟಿಯಕ್ಕನ ಕೆಲಸಕ್ಕೆ ಮೂರು ಕಟ್ಟುಪಾಡು ಇತ್ತು. ಡಾಕ್ಟರು ಬರೆದಿದ್ದಕ್ಕೆ ಮಾತ್ರ ಕೋಡ್ ಹಾಕಬೇಕು, ತನಗೆ ಏನೇ ಗೊತ್ತಿದ್ರೂ ತಾನಾಗಿ ಸೇರಿಸೋ ಹಾಗಿಲ್ಲ. ಚೀಟೀಲಿ ಪ್ರಶ್ನೆ ಕೇಳಬಹುದು, ಉತ್ತರಾನ ಡಾಕ್ಟರ ಬಾಯಿಗೆ ಇಡೋ ಹಾಗಿಲ್ಲ. ಸ್ವಂತ ಮನೆಯವರ ಫೈಲ್ ಮುಟ್ಟಲೇಬಾರದು. ಮೂರನೇದು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲಾನೂ ಉಪಯೋಗಕ್ಕೆ ಬಂದಿರಲಿಲ್ಲ.

ಇನ್ನು ಅತ್ತೆ. ಅವಳೂ ಅದೇ ಆಸ್ಪತ್ರೇಲೇ ಇದ್ಲು, ಅಡುಗೆ ಮನೇಲಿ. ಅರವತ್ತನಾಲ್ಕು ವಯಸ್ಸು, ಅದರಲ್ಲಿ ಮೂವತ್ತು ವರ್ಷ ಒಂದೇ ಒಲೆ ಮುಂದೆ. ವಾರ್ಡಿನವರು, ಲಿಫ್ಟಿನವರು, ಎಕ್ಸ್‌ರೇಯವರು ಎಲ್ಲರಿಗೂ ದೊಡ್ಡಮ್ಮ. ಆಳು ಕುಳ್ಳಿ, ದನಿ ಮಾತ್ರ ಮೂರು ಮಹಡಿ ಹತ್ತುತ್ತೆ. ಅವಳಿಗೊಂದು ಜಂಬ ಇತ್ತು. "ನನ್ನ ಕೈಯೂಟ ತಿಂದವರು ಬೆಳಗ್ಗೆ ಗಡಿಯಾರ ನೋಡೋದು ಬೇಡ, ಹೊಟ್ಟೇನೇ ಗಂಟೆ ಹೊಡೆಯುತ್ತೆ" ಅಂತ. ಸುಮ್ಮನೆ ಹೇಳ್ತಿರಲಿಲ್ಲ. ಆಪರೇಷನ್ ಆದವರನ್ನ ಡಾಕ್ಟರು ಬಂದು ದಿನಾ ಕೇಳ್ತಾರಲ್ಲ, ಮೋಷನ್ ಆಯ್ತಾ, ಮೋಷನ್ ಆಯ್ತಾ ಅಂತ? ಆಗದೇ ಇದ್ದವರ ಬೆಡ್ ನಂಬರು ನರ್ಸುಗಳು ಅಡುಗೆ ಮನೆಗೆ ಫೋನ್ ಮಾಡಿ ಹೇಳ್ತಿದ್ರು. ದೊಡ್ಡಮ್ಮ ಅದೇನು ತರಕಾರಿ ಬೇಯಿಸ್ತಿದ್ಲೋ, ಅದಕ್ಕೆ ಏನು ಹಾಕ್ತಿದ್ಲೋ, ಮಾರನೇ ದಿನ ಬೆಳಗ್ಗೆ ಫೋನ್ ಬರೋದು: "ದೊಡ್ಡಮ್ಮಾ, ಹದಿನಾಲ್ಕನೇ ಬೆಡ್ ಆಯ್ತು!" ಅಡುಗೆ ಮನೇಲಿ ಎಲ್ಲರೂ ಸೌಟು ಬಡಿದು ಸಂಭ್ರಮ ಪಡ್ತಿದ್ರು.

ಅತ್ತೆ ಸೊಸೆ ಒಂದೇ ಬಸ್ಸಲ್ಲಿ ಬರ್ತಿದ್ರು, ಒಂದೇ ಸೀಟಲ್ಲಿ ಕೂರ್ತಿದ್ರು, ದಾರಿ ಪೂರ್ತಿ ಕಿತ್ತಾಡ್ತಿದ್ರು. ಕಿಟಕಿ ತೆಗಿ, ಕಿಟಕಿ ಹಾಕು. ನಿನ್ನ ಸೆರಗು ನನ್ನ ಮೇಲೆ ಬೀಳ್ತಿದೆ. ಮಧ್ಯಾಹ್ನ ಒಂದು ಗಂಟೆಗೆ ಮಾತ್ರ ಅಡುಗೆ ಮನೆಯಿಂದ ರೆಕಾರ್ಡ್ ರೂಮಿಗೆ ಡಬ್ಬಿ ತಪ್ಪದೆ ಬರೋದು. ಜೊತೆಗೆ ಒಂದು ಮಾತೂ ಬರೋದು. "ಕೂತೂ ಕೂತೂ ಹಾಸಿಗೆ ಥರ ಆಗಿದಾಳೆ, ಅರ್ಧ ತಿನ್ನು ಅಂತ ಹೇಳಿ" ಅಂತ. ಡಬ್ಬಿ ಬಿಚ್ಚಿದ್ರೆ ಇಬ್ಬರಿಗಾಗೋವಷ್ಟು ಇರ್ತಿತ್ತು.

ಒಂದು ಸೋಮವಾರ ಬೆಳಗ್ಗೆ ಐದಕ್ಕೆ ಅತ್ತೆಗೆ ಹೊಟ್ಟೆ ಕೆಟ್ಟಿತು. ಕೆಟ್ಟಿತು ಅಂದ್ರೆ ಹಾಗೀಗಲ್ಲ, ನಲ್ಲಿ ತಿರುಗಿಸಿ ಬಿಟ್ಟ ಹಾಗೆ. ಎಂಟು ಗಂಟೆಯೊಳಗೆ ಹನ್ನೊಂದು ಸಲ. ಹನ್ನೆರಡನೇ ಸಲ ಬಚ್ಚಲು ಬಾಗಿಲ ಹತ್ರ ಕುಸಿದು ಕೂತ್ಲು. ಸೊಸೆ ಗಂಡನ್ನ ಕೂಗಿದ್ಲು. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಯಾವ ಎಂಜಿನ್ ಕೆಟ್ಟರೂ ಅಲ್ಲಾಡಲ್ಲ, ಅಮ್ಮ ಕುಸಿದದ್ದು ನೋಡಿ ಕಾರಿನ ಬೀಗದ ಕೈ ಕೈಯಲ್ಲೇ ಇಟ್ಕೊಂಡು ಮನೆಯೆಲ್ಲ ಹುಡುಕಿದ. ಅಷ್ಟರಲ್ಲಿ ಸೊಸೆ ಅತ್ತೇನ ಎತ್ತಿ ಸೀಟಲ್ಲಿ ಕೂರಿಸಿ, ಕೆಳಗೆ ನಾಲ್ಕು ಟವಲು ಹಾಕಿ ಆಗಿತ್ತು.

"ಒಳ್ಳೇ ಟವಲು ಹಾಕಿದೀಯಲ್ಲೇ" ಅಂದ್ಲು ಅತ್ತೆ, ಕಣ್ಣು ಮುಚ್ಕೊಂಡೇ.

"ಸುಮ್ಮನಿರಿ ಅತ್ತೆ."

ಆಸ್ಪತ್ರೇಲಿ ಗಡ್ಡದ ಡಾಕ್ಟರು ಸಿಕ್ಕರು. ಒಳ್ಳೇ ಮನುಷ್ಯ, ಕೆಲಸಾನೂ ಚುರುಕು. ಸೊಸೆಯಿಂದ ಈವರೆಗೆ ಐವತ್ತು ಚೀಟಿ ತಿಂದಿದ್ರು. ಅವಳು ಬರ್ತಿದಾಳೆ ಅಂದ್ರೆ ಬೇರೆ ಕಡೆ ತಿರುಗಿ ನಡೀತಿದ್ರು. ಆವತ್ತು ಮಾತ್ರ ಓಡಿ ಬಂದು ಕೈ ಹಿಡಿದು ನಾಡಿ ನೋಡಿ, ಡ್ರಿಪ್ ಹಾಕಿಸಿ, ಪಕ್ಕದಲ್ಲಿ ನಿಂತು ಬರ್ಕೊಂಡ್ರು.

"ಯಾವಾಗಿಂದ ದೊಡ್ಡಮ್ಮ?"

"ಬೆಳಗ್ಗೆಯಿಂದ."

"ಮನೇಲಿ ಏನಾದ್ರೂ ಔಷಧಿ ತಗೊಂಡ್ರಾ?"

"ಭೇದಿಗೆ ಅಂತ ಎರಡು ಮಾತ್ರೆ ತಗೊಂಡಿದ್ದೆ. ನಿನ್ನೆ ಸಾಯಂಕಾಲ."

"ಸರಿ ಸರಿ. ಆದ್ರೂ ನಿಲ್ಲಲಿಲ್ಲ."

"ನಿಲ್ಲೋದೆಲ್ಲಿ ಬಂತು!"

ಡಾಕ್ಟರು ತಲೆ ಆಡಿಸಿ ಬರ್ಕೊಂಡ್ರು. ದೊಡ್ಡಮ್ಮಾನೂ ತಲೆ ಆಡಿಸಿದ್ಲು. ಪಕ್ಕದಲ್ಲೇ ನಿಂತಿದ್ದ ಸೊಸೇನೂ ಕೇಳಿಸ್ಕೊಂಡ್ಲು. ಮೂರು ಜನಾನೂ ಒಂದೇ ಮಾತು ಕೇಳಿದೀವಿ ಅಂತ ಅಂದ್ಕೊಂಡ್ರು. ದೊಡ್ಡಮ್ಮನ ತಲೇಲಿ ಇದ್ದದ್ದು ಉಳಿದಿಬ್ಬರ ತಲೇಲಿ ಇರಲಿಲ್ಲ.

ಎರಡು ಡ್ರಿಪ್ ಇಳಿದ ಮೇಲೆ ಅತ್ತೆಗೆ ಜೀವ ಬಂತು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ವಾರ್ಡಿಗೆ ಬಂದ ಊಟದಲ್ಲಿ ಉಪ್ಪು ಸರಿಯಿಲ್ಲ ಅಂತ ಶುರು ಮಾಡಿದ್ಲು. "ನಾನಿಲ್ಲ ಅಂದ್ರೆ ನೋಡಿ ಹೇಗೆ ಕೈ ಬಿಟ್ಟಿದಾರೆ!" ಭೇದಿ ಪೂರ್ತಿ ನಿಂತಿತ್ತು. ಪರೀಕ್ಷೆಗೆ ಕಳಿಸಿದ್ದರಲ್ಲಿ ಹುಳ ಇಲ್ಲ, ಕ್ರಿಮಿ ಇಲ್ಲ, ಏನೂ ಸಿಗಲಿಲ್ಲ. ಗಡ್ಡದ ಡಾಕ್ಟರು, "ಸಿಗಲಿಲ್ಲ ಅಂದ ಮಾತ್ರಕ್ಕೆ ಇರಲಿಲ್ಲ ಅಂತ ಅಲ್ಲ, ಅಡುಗೆ ಮನೇಲಿ ನೂರೆಂಟು ಮುಟ್ತಾರೆ" ಅಂದು, "ಸೋಂಕಿನ ಭೇದಿ ಇರಬಹುದು" ಅಂತ ಬರೆದು, ನಾಳೆ ಮನೆಗೆ ಹೋಗಿ ಅಂದ್ರು.

ಅವರು ಆ ಕಡೆ ಹೋಗಿದ್ದೇ ತಡ, ಅಡುಗೆ ಮನೆ ಮ್ಯಾನೇಜರು ಈ ಕಡೆ ಬಂದ್ರು. ಕೈಯಲ್ಲಿ ಒಂದು ಚೀಲ ಹಣ್ಣು, ಮುಖದಲ್ಲಿ ಸಂಕಟ. ಹೊಸಬರು, ಬಂದು ಆರು ತಿಂಗಳು. ಬಂದ ಹೊಸದರಲ್ಲೇ ಒಂದು ರೂಲು ಮಾಡಿದ್ರು. ಅರವತ್ತು ದಾಟಿದ ಅಡುಗೆಯವರ ರೆಕಾರ್ಡಿನಲ್ಲಿ ಸೋಂಕಿನ ಭೇದಿ ಅಂತ ಬಂದ್ರೆ ಮತ್ತೆ ಒಲೆ ಮುಂದೆ ನಿಲ್ಲೋ ಹಾಗಿಲ್ಲ.

"ಕೆಲಸ ಹೋಗಲ್ಲ ದೊಡ್ಡಮ್ಮ, ಹೆದರಬೇಡಿ" ಅಂದ್ರು. "ಟ್ರೇ ಎಣಿಸೋ ಕೌಂಟರ್ ಇದೆಯಲ್ಲ, ಅಲ್ಲಿ ಕುರ್ಚಿ ಹಾಕಿಸ್ತೀನಿ. ಫ್ಯಾನಿದೆ. ಆರಾಮಾಗಿ ಕೂತ್ಕೊಳ್ಳಿ. ಶುಕ್ರವಾರ ರೆಕಾರ್ಡ್ ರೂಮಿಂದ ಕಾಯಿಲೆ ಬಿದ್ದ ಕೆಲಸದವರ ಪಟ್ಟಿ ಬರುತ್ತೆ, ಆಮೇಲೆ ಆರ್ಡರ್ ಕೊಡ್ತೀನಿ."

ಇಂಥ ಮಾತಿಗೆ ದೊಡ್ಡಮ್ಮ ಏನು ಅನ್ನಬೇಕಿತ್ತು ಹೇಳಿ? ಹಣ್ಣಿನ ಚೀಲಾನ ಅವರ ತಲೆ ಮೇಲೆ ಎಸೀಬೇಕಿತ್ತು. ಎಸೀಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ಲು. ಸೊಸೆ ಮದುವೆಯಾಗಿ ಬಂದ ಇಪ್ಪತ್ತನಾಲ್ಕು ವರ್ಷದಲ್ಲಿ ಅತ್ತೆ ಮಾತಿಗೆ ಮಾತು ಕೊಡದೆ ಬಿಟ್ಟಿದ್ದು ಅದೇ ಮೊದಲು.

ಸೊಸೆ ಕೆಳಗೆ ರೆಕಾರ್ಡ್ ರೂಮಿಗೆ ಹೋಗಿ ಕೂತ್ಲು. ಎದುರು ಮೇಜಿನಲ್ಲಿ ಅವಳ ಜೊತೆಗಾರ ಇದ್ದ. ಎಲ್ಲರೂ ಅವನನ್ನ ಕರೆಯೋದೇ ಕನ್ನಡಕ ಅಂತ. ಗಾಜು ಅಷ್ಟು ದಪ್ಪ. ಇನ್ನೊಂದು ವರ್ಷಕ್ಕೆ ನಿವೃತ್ತಿ, ಎರಡೇ ಬೆರಳಲ್ಲಿ ಟೈಪ್ ಮಾಡ್ತಾನೆ.

"ಅತ್ತೆ ಫೈಲ್ ನನ್ನ ಕಡೆ ಬರಬಾರದು. ನೀವೇ ಮಾಡಿ" ಅಂದ್ಲು.

"ಮಾಡ್ತೀನಮ್ಮ. ಡಾಕ್ಟರು ಏನು ಬರೆದಿದಾರೆ?"

"ಇರಬಹುದು ಅಂತ."

ಕನ್ನಡಕ ಟೈಪ್ ಮಾಡೋದು ನಿಲ್ಲಿಸಿದ. ಇಬ್ಬರಿಗೂ ಗೊತ್ತಿತ್ತು. ಹೊರರೋಗಿಗೆ ಡಾಕ್ಟರು "ಇರಬಹುದು" ಅಂದ್ರೆ ಬರೀ ಅನುಮಾನ, ಅದಕ್ಕೆ ಕೋಡ್ ಹಾಕಲ್ಲ. ವಾರ್ಡಿನಲ್ಲಿ ಮಲಗಿ ಮನೆಗೆ ಹೋಗೋವರಿಗೆ ಕೊನೇ ದಿನ "ಇರಬಹುದು" ಅಂತ ಬರೆದ್ರೂ "ಇದೆ" ಅಂತಲೇ ಲೆಕ್ಕ. ವಿಚಿತ್ರ ಅನ್ನಿಸಬಹುದು, ಕೋಡಿನ ಕಾನೂನೇ ಹಾಗೆ. ಈ ಪಾಠಾನ ಕೆಲಸ ಕಲಿಯೋಕೆ ಬಂದವರಿಗೆಲ್ಲ ಹೇಳಿಕೊಟ್ಟವಳು ಚೀಟಿಯಕ್ಕನೇ. "ಇರಬಹುದು ಅಂದ್ರೆ ಇದೆ, ಬಾಯಿಪಾಠ ಮಾಡ್ಕೊಳ್ಳಿ" ಅಂತ ಮೇಜು ಕುಟ್ಟಿ ಹೇಳ್ತಿದ್ಲು.

"ಡಾಕ್ಟರಿಗೆ ಒಂದು ಚೀಟಿ ಕಳಿಸ್ಲಾ?" ಅಂದ ಕನ್ನಡಕ.

"ಏನಂತ? ಬರೆದದ್ದು ಸ್ಪಷ್ಟವಾಗೇ ಇದೆಯಲ್ಲ. ನಮ್ಮತ್ತೆ ಒಲೆ ಹೋಗುತ್ತೆ, ಬೇರೆ ಬರೀರಿ ಅಂತ ಕಳಿಸೋಕಾಗುತ್ತಾ?"

ಬುಧವಾರ ಬೆಳಗ್ಗೆ ಸೊಸೆ ಅತ್ತೇನ ಮನೆಗೆ ಕರ್ಕೊಂಡು ಹೋಗೋಕೆ ಬೇಗ ಬಂದ್ಲು. ಅತ್ತೆ ಬೆಡ್ ಮೇಲೆ ಕಾಲು ಇಳಿಬಿಟ್ಟು ಕೂತಿದ್ಲು. ಸೊಸೆ ಹಿಂದೆ ಕೂತು ತಲೆ ಬಾಚೋಕೆ ಶುರು ಮಾಡಿದ್ಲು. ಎರಡು ದಿನ ಮಲಗಿ ಕೂದಲು ಸಿಕ್ಕುಸಿಕ್ಕಾಗಿತ್ತು.

"ಮೆತ್ತಗೆ ಕಣೇ! ತಲೆ ಕಿತ್ತು ಮನೆಗೆ ತಗೊಂಡು ಹೋಗ್ತೀಯಾ?"

"ಅಲ್ಲಾಡದೆ ಕೂತ್ಕೊಳ್ಳಿ."

"ನನ್ನ ಅಡುಗೆ ಮನೇಲಿ ಸೋಂಕಂತೆ. ನೆಲದ ಮೇಲೆ ಬಿದ್ದದ್ದು ಎತ್ತಿ ತಿನ್ನಬೇಕು, ಹಾಗಿಡ್ತೀನಿ ನಾನು. ಭಾನುವಾರ ಹಗಲೆಲ್ಲ ಕಲ್ಲುಗುಂಡಿನ ಹಾಗಿದ್ದೆ. ಬಟ್ಟೆ ಒಗೆದೆ, ಮಾಳಿಗೆ ಗುಡಿಸಿದೆ. ಸೋಮವಾರ ಐದಕ್ಕೆ ತಾನೇ ಶುರುವಾಗಿದ್ದು?"

ಬಾಚಣಿಗೆ ಅರ್ಧಕ್ಕೆ ನಿಂತಿತು. ಇಪ್ಪತ್ತೆರಡು ವರ್ಷ ಬರೀ ಇದನ್ನೇ ಓದಿದ ತಲೆ ನೋಡಿ. ಯಾವುದು ಮೊದಲು, ಯಾವುದು ಆಮೇಲೆ. ಯಾವ ದಿನ ಔಷಧಿ, ಯಾವ ದಿನ ಕಾಯಿಲೆ.

"ಅತ್ತೆ. ಭಾನುವಾರ ನಿಮಗೇನೂ ಆಗಿರಲಿಲ್ವಾ?"

"ಇಲ್ಲ ಅಂದೆನಲ್ಲ."

"ಮತ್ತೆ ಭಾನುವಾರ ಸಾಯಂಕಾಲ ಮಾತ್ರೆ ಯಾಕೆ ತಗೊಂಡ್ರಿ?"

"ಭೇದಿಗೆ ಅಂತ."

"ಭೇದಿನೇ ಆಗ್ತಿರಲಿಲ್ವಲ್ಲ!"

"ಆಗ್ತಿರಲಿಲ್ಲ ಅಂತಲೇ ಕಣೇ ತಗೊಂಡಿದ್ದು!"

ಅಂದುಬಿಟ್ಟು ಅತ್ತೆ ನಾಲಿಗೆ ಕಚ್ಕೊಂಡ್ಲು. ಭೇದಿಗೆ ಮಾತ್ರೆ! ನಿಲ್ಲಿಸೋದಕ್ಕೂ ಅದೇ ಮಾತು, ಹೋಗಿಸೋದಕ್ಕೂ ಅದೇ ಮಾತು. ಡಾಕ್ಟರು ನಿಲ್ಲಿಸೋ ಮಾತ್ರೆ ಅಂತ ಬರ್ಕೊಂಡಿದ್ರು. ಅತ್ತೆ ತಗೊಂಡಿದ್ದು ಹೋಗಿಸೋದು. ದಿನಾ ನೂರು ಫೈಲಿನಲ್ಲಿ ಭೇದಿ ಓದೋ ಸೊಸೆ, ಪಕ್ಕದಲ್ಲೇ ನಿಂತು ಕೇಳಿ, ಅವಳೂ ತಪ್ಪು ಕೇಳಿಸ್ಕೊಂಡಿದ್ಲು.

"ಹೊಟ್ಟೆ ಕಟ್ಟಿತ್ತಾ ಅತ್ತೆ?"

"ಮೆತ್ತಗೆ ಮಾತಾಡು."

"ಎಷ್ಟು ದಿನದಿಂದ?"

ಅತ್ತೆ ಕಿಟಕಿ ನೋಡಿದ್ಲು. "ದಿನ ಅಂತೆ. ನಿನ್ನ ಗಂಡ ಹುಟ್ಟಿದಾಗಿನಿಂದ."

ಸೊಸೆಗೆ ನಗು ಬಂತು, ನಗಲಿಲ್ಲ. ಇಡೀ ಆಸ್ಪತ್ರೆ ಹೊಟ್ಟೇನ ಗಡಿಯಾರದ ಹಾಗೆ ಓಡಿಸೋ ಹೆಂಗಸು! ಹದಿನಾಲ್ಕನೇ ಬೆಡ್ ಆಯ್ತು ಅಂದ್ರೆ ಸೌಟು ಬಡಿಯೋ ಹೆಂಗಸು! ತನ್ನದು ಮಾತ್ರ ವಾರಕ್ಕೊಂದು ಸಲ, ಅದೂ ಭಾನುವಾರ ಮಾತ್ರೆ ನುಂಗಿದ್ರೆ. ಹನ್ನೊಂದು ವರ್ಷದಿಂದ ನುಂಗ್ತಿದ್ದಳಂತೆ, ಮನೇಲಿ ಒಬ್ಬರಿಗೂ ಗೊತ್ತಾಗದ ಹಾಗೆ.

"ಡಾಕ್ಟರಿಗೆ ಹೇಳಿ" ಅಂದ್ಲು ಸೊಸೆ.

"ಸತ್ತರೂ ಹೇಳಲ್ಲ. ನೀನೇನಾದ್ರೂ ಬಾಯಿ ಬಿಟ್ಟೆ ಅಂದ್ರೆ ಈ ಜನ್ಮದಲ್ಲಿ ನಿನ್ನ ಜೊತೆ ಬಸ್ ಹತ್ತಲ್ಲ."

"ನಾನು ಹೇಳೋದೂ ಇಲ್ಲ. ನಾನು ಹೇಳಿದ್ರೆ, ಚೀಟಿಯಕ್ಕ ಅತ್ತೆಗೋಸ್ಕರ ಡಾಕ್ಟರ ಕಿವಿಯಲ್ಲಿ ಊದಿ ಬರೆಸಿದ್ಲು ಅಂತಾರೆ. ಹೊಟ್ಟೆ ನಿಮ್ಮದು, ಬಾಯಿಯೂ ನಿಮ್ಮದು. ನೀವೇ ಹೇಳಬೇಕು."

"ಮೂವತ್ತು ವರ್ಷ ಇಲ್ಲಿ ತಲೆ ಎತ್ಕೊಂಡು ಓಡಾಡಿದೀನಿ. ನರ್ಸುಗಳೆಲ್ಲ ನಗ್ತಾರೆ."

"ನಗಲಿ ಬಿಡಿ."

"ನಿಂಗೇನೇ, ನಗೋದು ನನ್ನ ನೋಡಿ."

ಸೊಸೆ ಬಾಚಣಿಗೆ ಕೆಳಗಿಟ್ಟು ಮುಂದೆ ಬಂದು ನಿಂತ್ಲು. "ಅತ್ತೆ, ಒಂದು ಮಾತು ಹೇಳ್ತೀನಿ, ಆಮೇಲೆ ಬಾಯಿ ಮುಚ್ಕೋತೀನಿ. ಈಗ ಫೈಲಿನಲ್ಲಿ ಏನಿದೆ ಗೊತ್ತಾ? ಈ ಆಸ್ಪತ್ರೆ ಅಡುಗೆ ಮನೇಲಿ ಕೆಲಸ ಮಾಡಿ ದೊಡ್ಡಮ್ಮನಿಗೆ ಸೋಂಕು ಬಂತು ಅಂತಿದೆ. ನಿಮ್ಮ ಪಾತ್ರೆ, ನಿಮ್ಮ ಒಲೆ, ನಿಮ್ಮ ಕೈ. ಅದು ಸುಳ್ಳು. ಸುಳ್ಳು ಅಂತ ಹೇಳೋಕಾಗೋದು ನಿಮಗೊಬ್ಬರಿಗೇ. ಹೊಟ್ಟೆ ಮರ್ಯಾದೆ ಉಳಿಸ್ಕೋತೀರೋ, ಒಲೆ ಮರ್ಯಾದೆ ಉಳಿಸ್ಕೋತೀರೋ, ನಿಮಗೆ ಬಿಟ್ಟದ್ದು."

ವಾರ್ಡಿನಲ್ಲಿ ಯಾರೋ ಬಕೆಟ್ ಎಳೆದರು. ಎದುರು ಬೆಡ್ಡಿನವಳು ಕೆಮ್ಮಿದ್ಲು. ಆಮೇಲೆ ಅತ್ತೆ ಸೆರಗು ಸರಿ ಮಾಡ್ಕೊಂಡ್ಲು.

"ಕರಿ ಆ ಗಡ್ಡಾನ. ಪರದೆ ಎಳಿ."

ಡಾಕ್ಟರು ಬಂದ್ರು. ಪರದೆಯೊಳಗೆ ಚೀಟಿಯಕ್ಕನ್ನ ನೋಡಿ, ಇನ್ನೊಂದು ಚೀಟಿ ಬಂತಾ ಅಂತ ಜೇಬು ಮುಟ್ಟಿಕೊಂಡ್ರು. "ಏನಕ್ಕ, ಏನು ತಪ್ಪಾಯ್ತು?"

"ನಾನಿಲ್ಲಿ ಬರೀ ಸೊಸೆ, ಡಾಕ್ಟ್ರೇ. ಅವರೇ ಹೇಳ್ತಾರೆ."

ಅತ್ತೆ ಗಂಟಲು ಸರಿ ಮಾಡ್ಕೊಂಡ್ಲು. "ನೋಡಪ್ಪ, ಆವತ್ತು ಮಾತ್ರೆ ಅಂದೆನಲ್ಲ, ಅದು ನಿಲ್ಲೋಕಲ್ಲ. ಆಗೋಕೆ."

"ಏನಾಗೋಕೆ?"

"ಅಯ್ಯೋ, ಓದಿದವನಲ್ವೇನೋ ನೀನು? ಆಗೋಕೆ!"

ಡಾಕ್ಟರ ಕೈಯಲ್ಲಿದ್ದ ಪೆನ್ನು ನಿಂತಿತು. ಒಂದು ಸಲ ಸೊಸೆ ಮುಖ ನೋಡಿದ್ರು. ಅವಳು ಡ್ರಿಪ್ ಸ್ಟ್ಯಾಂಡಿನ ಚಕ್ರಾನ ಬಹಳ ಆಸಕ್ತಿಯಿಂದ ನೋಡ್ತಿದ್ಲು. ತುಟಿ ಬಿಗಿದಿತ್ತು. ಹೇಳಿಬಿಡಬೇಕು ಅಂತ ಮಾತು ಬಾಯಿ ತುದಿವರೆಗೆ ಬಂದಿತ್ತು, ನುಂಗ್ಕೊಂಡ್ಲು.

ಡಾಕ್ಟರು ಸ್ಟೂಲ್ ಎಳ್ಕೊಂಡು ಕೂತ್ರು. "ದೊಡ್ಡಮ್ಮ, ಮೊದಲಿಂದ ಹೇಳಿ. ಯಾವ ಮಾತ್ರೆ, ಎಷ್ಟು ವರ್ಷದಿಂದ?"

ಅಷ್ಟೇ ಬೇಕಾಗಿತ್ತು. ಮೂವತ್ತು ವರ್ಷ ಕಟ್ಟಿದ್ದು ಒಂದೇ ಸಲ ಬಿಟ್ಟಿತು. ಮಾತಿನ ವಿಷಯ ಹೇಳ್ತಿದೀನಿ. ಯಾವ ಅಂಗಡಿ, ಯಾವ ಬಣ್ಣದ ಮಾತ್ರೆ ಶೀಟು, ಮೊದಲು ಒಂದು ತಗೊಂಡ್ರೆ ಸಾಕಾಗ್ತಿತ್ತು, ಆಮೇಲೆ ಎರಡು, ಒಂದು ವರ್ಷದಿಂದ ಎರಡಕ್ಕೆ ಹೊಟ್ಟೆ ಕ್ಯಾರೇ ಅನ್ನಲ್ಲ, ಅದಕ್ಕೆ ಈ ಸಲ...

"ಈ ಸಲ?"

"ನಾಲ್ಕು."

ಸೊಸೆ ಚಕ್ರ ಬಿಟ್ಟು ತಲೆ ಎತ್ತಿದ್ಲು. "ಎರಡು ಅಂದ್ರಲ್ಲ ಅತ್ತೆ!"

"ಎರಡು ಎರಡಾಗಿ ತಗೊಂಡೆ. ಎರಡು ಸಲ."

ಪರದೆಯ ಆ ಕಡೆ ಯಾರೋ ಕಿಸಕ್ಕೆಂದ್ರು. "ಯಾರೇ ಅದು? ನಿಂಗೂ ಮೊನ್ನೆ ಮೂರು ದಿನ ಆಗದೆ ನನ್ನ ಊಟದಲ್ಲೇ ಆಗಿದ್ದು!" ಅಂತ ಅತ್ತೆ ಕೂಗಿದ್ಲು. ಕಿಸಕ್ಕೆಂದದ್ದು ನಿಂತಿತು.

ಡಾಕ್ಟರು ನಗಲಿಲ್ಲ. ನಗದೇ ಇದ್ದದ್ದು ಅವರ ದೊಡ್ಡತನ. ರಕ್ತದ ರಿಪೋರ್ಟ್ ತೆಗೆದು ತೋರಿಸಿದ್ರು. ಪೊಟ್ಯಾಸಿಯಂ ಯಾಕೆ ಅಷ್ಟು ಇಳಿದಿತ್ತು, ಯಾಕೆ ಕುಸಿದು ಬಿದ್ದರು ಅನ್ನೋದು ಈಗ ತಿಳೀತು ಅಂದ್ರು. ಹನ್ನೊಂದು ವರ್ಷ ಹೊಡೆದೂ ಹೊಡೆದೂ ಓಡಿಸಿದ ಕರುಳು ತಾನಾಗೇ ನಡೆಯೋದನ್ನ ಮರೆತಿದೆ, ಇನ್ಮೇಲೆ ಆ ಮಾತ್ರೆ ಮುಟ್ಟಬೇಡಿ, ತಿಂಗಳಿಗೊಂದು ಸಲ ಬನ್ನಿ, ನಿಧಾನಕ್ಕೆ ಸರಿ ಮಾಡೋಣ ಅಂದ್ರು. "ನೀವು ಹೇಳದೇ ಇದ್ದಿದ್ರೆ ಮುಂದಿನ ಭಾನುವಾರ ಐದು ನುಂಗ್ತಿದ್ರಿ. ಆಗ ನಾನು ಏನೂ ಮಾಡೋಕಾಗ್ತಿರಲಿಲ್ಲ."

ಅಲ್ಲೇ ಕೂತು ಹಳೇ ಸಾಲಿಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಹಾಕಿ ಸಹಿ ಮಾಡಿ, ಹೊಸದಾಗಿ ಬರೆದ್ರು. ಸೋಂಕು ಅಲ್ಲ. ಬಹುಕಾಲದ ಮಲಬದ್ಧತೆಗೆ ತಾನಾಗಿ ತಗೊಂಡ ಭೇದಿ ಮಾತ್ರೆ, ಹೇಳಿದ ಪ್ರಮಾಣಕ್ಕಿಂತ ಹೆಚ್ಚು, ನಾಲ್ಕು, ಅದರಿಂದ ಭೇದಿ. ಸ್ಪಷ್ಟ ಅಂದ್ರೆ ಸ್ಪಷ್ಟ. ಇಪ್ಪತ್ತೆರಡು ವರ್ಷದಲ್ಲಿ ಚೀಟಿಯಕ್ಕ ಕಂಡ ಅತ್ಯಂತ ಚಂದದ ಡಾಕ್ಟರ್ ಬರಹ ಅದು. ಆದ್ರೆ ಅವಳಿಗೆ ಓದೋ ಹಾಗಿರಲಿಲ್ಲ. ತಲೆಕೆಳಗಾಗಿ ಅಷ್ಟಿಷ್ಟು ಕಂಡಿತು.

ಗುರುವಾರ ಮಧ್ಯಾಹ್ನ ಕನ್ನಡಕ ಎದ್ದು ಅವಳ ಮೇಜಿನ ಹತ್ರ ಬಂದ. ಫೈಲ್ ಎದೆಗೆ ಅವಚಿಕೊಂಡಿದ್ದ, ಅವಳಿಗೆ ಕಾಣದ ಹಾಗೆ.

"ನಿನಗೆ ಇದನ್ನ ಹೇಳೋ ಹಾಗಿಲ್ಲ."

"ಹಾಗಾದ್ರೆ ಹೇಳಬೇಡಿ."

"ಆದ್ರೂ ಹೇಳ್ತೀನಿ. ಸೋಂಕು ಹೋಯ್ತು, ಒಲೆ ಉಳೀತು. ಆದ್ರೆ ಮಾತ್ರೆ ಹೇಳಿದ್ದಕ್ಕಿಂತ ಜಾಸ್ತಿ ತಗೊಂಡಿದಾರಲ್ಲ, ಮೊದಲ ಸಾಲಿಗೆ ಯಾವ ಕೋಡ್ ಬರುತ್ತೆ ನಿಂಗೆ ಗೊತ್ತು."

ಅವಳಿಗೆ ಗೊತ್ತಿತ್ತು. ಔಷಧಿ ಸರಿಯಾಗಿ ತಗೊಂಡು ಭೇದಿ ಆದ್ರೆ ಅದು ಔಷಧಿಯ ಅಡ್ಡಪರಿಣಾಮ. ಅಳತೆ ಮೀರಿ ತಗೊಂಡು ಆದ್ರೆ ಪುಸ್ತಕದಲ್ಲಿ ಅದರ ಹೆಸರು ವಿಷ. ಭೇದಿ ಮಾತ್ರೆಯಿಂದ ವಿಷ, ಆಕಸ್ಮಿಕ.

"ಅತ್ತೆಗೆ ವಿಷ ಅಂತ ಬರುತ್ತೆ ತಾಯಿ" ಅಂದ ಕನ್ನಡಕ, ದನಿ ಇಳಿಸಿ. "ಸೊಸೆ ಇದೇ ರೂಮಲ್ಲಿ ಕೂತಿದಾಳೆ. ಜನದ ಬಾಯಿ ನಿಂಗೆ ಗೊತ್ತಲ್ಲ. ಸೇರಿಸ್ಕೊಂಡ ದಿನದ ಪುಟದಲ್ಲಿ ಎರಡು ಅಂತಾನೇ ಇದೆ. ನನ್ನ ಕಣ್ಣು ಮೊದಲೇ ಮಂದ. ನಾಲ್ಕು ಅನ್ನೋದು ಕಾಣಲಿಲ್ಲ ಅಂದ್ರೆ ಯಾರೂ ಬೈಯಲ್ಲ. ಅಡ್ಡಪರಿಣಾಮ ಅಂತ ಹಾಕಿಬಿಡ್ಲಾ?"

ಅವನು ಪ್ರೀತಿಯಿಂದಲೇ ಕೇಳಿದ್ದ. ಅದೇ ಕಷ್ಟ ನೋಡಿ. ಕೆಟ್ಟವರು ಕೇಳಿದ್ರೆ ಬೈದು ಕಳಿಸಬಹುದು.

ಅವಳಿಗೆ ಅತ್ತೆ ನೆನಪಾದ್ಲು. ಆ ಮುದುಕಿ ಪರದೆ ಎಳೆಸಿ, ಮುಖ ಕೆಂಪಾಗಿ, ಎರಡು ಅಂದದ್ದನ್ನ ನಾಲ್ಕು ಅಂತ ಒಪ್ಕೊಂಡ್ಲಲ್ಲ. ಅವಳು ಅಷ್ಟು ಕಷ್ಟಪಟ್ಟು ಹೇಳಿದ ಸತ್ಯಾನ ತನ್ನ ಹೆಸರು ಕಾಪಾಡೋಕೆ ಅರ್ಧ ಮಾಡೋದಾ?

"ಬರೆದಿದ್ದನ್ನ ಹಾಕಿ" ಅಂದ್ಲು. "ಅವರೆಷ್ಟು ನುಂಗಿದ್ರೋ ಅಷ್ಟೂ ಹಾಕಿ."

"ವಿಷ?"

"ವಿಷ."

ಕನ್ನಡಕ ತಲೆ ಕೊಡವಿ ಹೋದ. ಎರಡು ಬೆರಳಲ್ಲಿ ಟಕ್, ಟಕ್ ಅಂತ ಹೊಡೆದ. ಅವಳು ಎಷ್ಟು ಸದ್ದು ಬಂತು ಅಂತ ಎಣಿಸ್ತಾ ಕೂತ್ಲು.

ಶುಕ್ರವಾರ ಪಟ್ಟಿ ಹೋಯ್ತು. ಅದರಲ್ಲಿ ಸೋಂಕಿನವರ ಸಾಲಿನಲ್ಲಿ ದೊಡ್ಡಮ್ಮ ಇರಲಿಲ್ಲ. ಮ್ಯಾನೇಜರು ಎರಡು ಸಲ ನೋಡಿ, ಕುರ್ಚಿ ವಾಪಸ್ ಕಳಿಸಿದ್ರು. ಸೋಮವಾರ ಬೆಳಗ್ಗೆ ಬಸ್ಸಿನಿಂದ ಇಳಿದು ಅತ್ತೆ ಸೀದಾ ಅಡುಗೆ ಮನೆಗೆ ಹೋಗಿ, ಅಲ್ಲಿ ನಿಂತಿದ್ದವರನ್ನೆಲ್ಲ ಸರಿಸಿ, ಒಂದು ವಾರದಲ್ಲಿ ಯಾರ್ಯಾರು ಏನೇನು ಹಾಳು ಮಾಡಿದ್ರು ಅಂತ ಒಂದೊಂದೇ ಪಾತ್ರೆ ಮೂಸಿ ಬೈದ್ಲು. ಅಡುಗೆಯವರೆಲ್ಲ ಬೈಗುಳ ತಿಂದು ಖುಷಿಯಾಗಿ ನಿಂತಿದ್ರು.

ಮಧ್ಯಾಹ್ನ ಡಬ್ಬಿ ರೆಕಾರ್ಡ್ ರೂಮಿಗೆ ಬರಲಿಲ್ಲ, ಬಾ ಅಂತ ಕರೆ ಬಂತು. ಸೊಸೆ ಹೋದ್ಲು. ಊಟ ಎಲ್ಲ ವಾರ್ಡಿಗೂ ಹೋಗಿ ಅಡುಗೆ ಮನೆ ಖಾಲಿಯಾಗಿತ್ತು, ಹಿಂದೆ ಯಾರೋ ಪಾತ್ರೆ ತಿಕ್ತಿದ್ರು. ಅತ್ತೆ ಒಂದು ಮೂಲೇಲಿ ತಟ್ಟೆ ಹಾಕಿ, ಎದುರು ಕೂತು, ಸೊಂಟದಿಂದ ಮಡಚಿದ ಕಾಗದ ತೆಗೆದ್ಲು. ಕೋಡ್ ಹಾಕಿದ ಮೇಲೆ ರೋಗಿಗೆ ಕೊಡೋ ಪ್ರತಿ ಅದು.

"ಓದು. ಇದನ್ನಾದ್ರೂ ಓದಬಹುದಾ ನೀನು?"

"ನೀವಾಗೇ ಕೊಟ್ರೆ ಓದಬಹುದು." ಓದಿದ್ಲು. "ಭೇದಿ ಮಾತ್ರೆಯಿಂದ ವಿಷ, ಆಕಸ್ಮಿಕ."

"ವಿಷವಾ!" ಅತ್ತೆ ಎದೆ ಮೇಲೆ ಕೈ ಇಟ್ಕೊಂಡ್ಲು. "ಯಾರು ಹಾಕಿದ್ದು ಅಂತ ಬರೆದಿದಾರೆ?"

"ಯಾರೂ ಅಲ್ಲ, ನೀವೇ. ಆಕಸ್ಮಿಕ ಅಂದ್ರೆ ಬೇಕೂಂತ ಅಲ್ಲ, ಗೊತ್ತಿಲ್ಲದೆ ಆಗಿದ್ದು."

"ಗೊತ್ತಿಲ್ಲದೆ ಹೇಗಾಗುತ್ತೆ? ಗೊತ್ತಿದ್ದೇ ತಗೊಂಡೆ. ನಾಲ್ಕರವರೆಗೆ ಎಣಿಸೋಕೆ ಬರಲ್ವಾ ನಂಗೆ?"

"ಮೆತ್ತಗೆ ಅತ್ತೆ! ಬೇಕೂಂತ ಅಂದ್ರೆ ಬೇರೆ ಕೋಡು. ಸಾಯೋಕೆ ನುಂಗಿದ್ರು ಅಂತಾಗುತ್ತೆ."

"ಸಾಯೋಕಾ? ಹೊಟ್ಟೆ ಹಗುರಾಗಲಿ ಅಂತ ನುಂಗಿದ್ದು!" ಅತ್ತೆಗೆ ಸಿಟ್ಟೂ ಬಂತು, ನಗೂ ಬಂತು, ಯಾವುದು ಮೊದಲು ಅಂತ ಗೊತ್ತಾಗದೆ ಸೌಟಿನಿಂದ ಇನ್ನಷ್ಟು ಬಡಿಸಿದ್ಲು. "ಹೋಗ್ಲಿ ಬಿಡು. ವಿಷ ಅಂದ್ರೆ ಏನೋ ಒಂದು ಗತ್ತಿದೆ. ನನ್ನ ಸೊಸೆ ವಿಷ ಹಾಕಿದ್ಲು ಅಂತ ಯಾರಾದ್ರೂ ಅಂದ್ರೆ, ಅಡುಗೆ ಮಾಡೋದು ನಾನು, ಅವಳಿಗೆ ಒಲೆ ಹಚ್ಚೋಕೇ ಬರಲ್ಲ ಅಂತೀನಿ. ತಿನ್ನು, ಯಾಕೆ ಇಳಿದುಹೋಗಿದೀಯ?"

ಸೊಸೆ ತಟ್ಟೆ ಕಡೆ ಬಗ್ಗಿ ತಿನ್ನತೊಡಗಿದ್ಲು.

"ಕೆಳಗೆ ಇನ್ನೂ ಸಾಲುಗಳಿವೆಯಲ್ಲ, ಅವೇನು?" ಅಂದ್ಲು ಅತ್ತೆ, ಕಾಗದದ ಮೇಲೆ ಬೆರಳಿಟ್ಟು.

ಸೊಸೆ ನೋಡಿದ್ಲು. ಕನ್ನಡಕ ಒಂದನ್ನೂ ಬಿಟ್ಟಿರಲಿಲ್ಲ, ಕಣ್ಣು ಮಂದ ಅಂದದ್ದೆಲ್ಲ ಸುಳ್ಳು. ಔಷಧಿಯಿಂದ ಭೇದಿ. ಪೊಟ್ಯಾಸಿಯಂ ಕೊರತೆ. ಕೊನೇ ಸಾಲು ಓದೋಕೆ ಮುಂಚೆ ಬಾಯಲ್ಲಿದ್ದ ತುತ್ತು ನುಂಗಿದ್ಲು.

"ಬಹುಕಾಲದ ಮಲಬದ್ಧತೆ."

"ಅಂದ್ರೆ?"

"ಹೊಟ್ಟೆ ಕಟ್ಟಿರೋದು."

ಅತ್ತೆ ಸುತ್ತಮುತ್ತ ನೋಡಿದ್ಲು. ಪಾತ್ರೆ ತಿಕ್ಕೋ ಸದ್ದು ನಿಂತಿರಲಿಲ್ಲ. ಕಾಗದಾನ ಸರಕ್ಕನೆ ಕಿತ್ಕೊಂಡು ಮಡಚಿ, ಮತ್ತೆ ಮಡಚಿ, ಸೊಂಟದೊಳಗೆ ತುರುಕಿಕೊಂಡ್ಲು.

"ಅದನ್ನೂ ಬರೆದ್ರಾ? ಅಯ್ಯೋ ನಿಮ್ಮ ಮನೆ ಹಾಳಾಗ," ಅಂದ್ಲು, "ವಿಷ ಒಂದೇ ಸಾಕಾಗಿತ್ತಲ್ಲೇ!"